ನಾಸ್ತಿಕರ ಬಗ್ಗೆ ನಮ್ಮಲ್ಲಿರುವ ಕೆಲವು ತಪ್ಪು ತಿಳಿವಳಿಕೆಗಳು

ಈಮಾನ್ ಮತ್ತು ಸಂಶಯದ ವಿಷಯದಲ್ಲಿ ಖುತ್ಬಾ ನಡೆದ ಶುಕ್ರವಾರ ನಮಾಝ್ ಮುಗಿದ ಮೇಲೂ ಮಸೀದಿಯ ಅಂಗಳದಲ್ಲಿ ಮಾತು ಮುಂದುವರಿಯುತ್ತದೆ. ಕಾಲೇಜಿಗೆ ಹೋಗುವ ಮಕ್ಕಳು ಕೇಳುವ ಪ್ರಶ್ನೆಗಳು, ಮೊಬೈಲಿನಲ್ಲಿ ಅವರು ನೋಡುವ ವಿಡಿಯೋಗಳು, ಯಾರದೋ ಮನೆಯ ಹುಡುಗ ನಮಾಝ್ ಬಿಟ್ಟ ಸುದ್ದಿ ಎಲ್ಲವೂ ಬರುತ್ತವೆ. ಅದರ ನಡುವೆ ಕೆಲವು ಮಾತುಗಳನ್ನು ನಾವು ಯೋಚಿಸದೆ ಆಡಿಬಿಡುತ್ತೇವೆ. ನಾಸ್ತಿಕನಿಗೆ ನೀತಿ ಇರುವುದಿಲ್ಲ, ಅವನು ದೇವರನ್ನು ದ್ವೇಷಿಸುತ್ತಾನೆ, ಸಾಯುವಾಗ ಎಲ್ಲರೂ ದೇವರನ್ನು ಕರೆಯುತ್ತಾರೆ ಎಂಬಂಥ ಮಾತುಗಳು.

ಅಲ್ಲಾಹನು ಏಕನು, ಮುಹಮ್ಮದ್(ಸ) ಅವನ ಅಂತಿಮ ಪ್ರವಾದಿ, ಪರಲೋಕ ಸತ್ಯ ಎಂಬುದು ನಮ್ಮ ವಿಶ್ವಾಸ. ಅದನ್ನು ಅಲ್ಲಗಳೆಯುವವರು ದಾರಿ ತಪ್ಪಿದ್ದಾರೆಂದೇ ನಾವು ನಂಬುತ್ತೇವೆ. ಆದರೆ ಒಂದು ಜನರ ಮೇಲಿನ ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ತಳ್ಳದಿರಲಿ ಎಂಬ ಆಜ್ಞೆ ಸೂರಃ ಅಲ್ ಮಾಇದಃದ 8ನೇ ಸೂಕ್ತದಲ್ಲಿದೆ. ನಾಸ್ತಿಕರ ಕುರಿತು ಮಾತನಾಡುವಾಗ ಆ ಆಜ್ಞೆ ರದ್ದಾಗುವುದಿಲ್ಲ.

ಮೊದಲು ಪದವನ್ನೇ ನೋಡೋಣ. ಕನ್ನಡದಲ್ಲಿ ನಾವು ಬಳಸುವ 'ನಾಸ್ತಿಕ' ಎಂಬ ಪದಕ್ಕೆ ಹಳೆಯ ಅರ್ಥ ಬೇರೆ. ವೇದಗಳ ಪ್ರಾಮಾಣ್ಯವನ್ನು ಒಪ್ಪದವರನ್ನು ವೈದಿಕರು ನಾಸ್ತಿಕರೆಂದರು. ಹಾಗಾಗಿ ಚಾರ್ವಾಕರು ಮಾತ್ರವಲ್ಲ, ಜೈನರೂ ಬೌದ್ಧರೂ ಆ ಪಟ್ಟಿಗೆ ಸೇರಿದರು. ಇತ್ತ ಜಗತ್ತಿಗೆ ಸೃಷ್ಟಿಕರ್ತನೊಬ್ಬ ಬೇಕೆಂದು ಹೇಳದ ಸಾಂಖ್ಯ, ಮೀಮಾಂಸೆಗಳು ಆಸ್ತಿಕ ದರ್ಶನಗಳೆನಿಸಿದವು. ದೇವರೇ ಇಲ್ಲ ಎನ್ನುವವನು ಎಂಬ ಇಂದಿನ ಅರ್ಥ ಗಟ್ಟಿಯಾದದ್ದು ನಂತರ. ನಾಸ್ತಿಕವಾದವು ಪಾಶ್ಚಾತ್ಯರು ತಂದ ಹೊಸ ರೋಗ ಎಂದು ಹೇಳುವವರು ಇದನ್ನು ಗಮನಿಸಬೇಕು. ನಮ್ಮ ಪರಂಪರೆಗೂ ಅದು ಹೊಸದಲ್ಲ. ಈ ಐಹಿಕ ಜೀವನದಾಚೆ ಏನೂ ಇಲ್ಲ, ನಮ್ಮನ್ನು ನಾಶ ಮಾಡುವುದು ಕಾಲ ಮಾತ್ರ ಎನ್ನುತ್ತಿದ್ದವರನ್ನು ಸೂರಃ ಅಲ್ ಜಾಸಿಯಃದ 24ನೇ ಸೂಕ್ತ ಪ್ರಸ್ತಾಪಿಸುತ್ತದೆ. ಅಲ್ಲಿ ಕಾಲಕ್ಕೆ ಬಂದಿರುವ ಪದ 'ದಹ್ರ್'. ಅದರಿಂದಲೇ ಮುಂದೆ ಉಲಮಾಗಳು ಇಂಥವರನ್ನು 'ದಹ್ರಿಯ್ಯಃ' ಎಂದು ಕರೆದರು. ಅವರಿಗೆ ಕುರ್‌ಆನ್ ಕೊಟ್ಟ ಉತ್ತರವೂ ಗಮನಾರ್ಹ. ಅವರಿಗೆ ಈ ಬಗ್ಗೆ ಜ್ಞಾನವಿಲ್ಲ, ಅವರು ಊಹಿಸುತ್ತಿದ್ದಾರೆ ಎಂದಷ್ಟೇ ಅದು ಹೇಳುತ್ತದೆ. ಅವರ ನಡತೆ ಕೆಟ್ಟದ್ದೆಂದು ಆ ಸೂಕ್ತ ಹೇಳಿಲ್ಲ, ಅವರ ವಾದಕ್ಕೆ ಆಧಾರವಿಲ್ಲ ಎಂದಿದೆ. ಇಮಾಮ್ ಅಬೂ ಹನೀಫಾ(ರ) ದಹ್ರಿಗಳ ಜೊತೆ ವಾದಿಸಿದ ದೋಣಿಯ ಕಥೆಯನ್ನು ಮದ್ರಸದಲ್ಲಿ ಬೇರೆ ಬೇರೆ ರೂಪಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಅದರಲ್ಲೂ ಇಮಾಮರು ಗೆಲ್ಲುವುದು ತರ್ಕದಿಂದ.

ಇನ್ನು ನೀತಿಯ ಪ್ರಶ್ನೆ. ದೇವಭಯವಿಲ್ಲದವನು ಏನು ಮಾಡಲೂ ಹೇಸುವುದಿಲ್ಲ ಎಂಬ ಮಾತು ಕೇಳಲು ಸರಿಯೆನಿಸುತ್ತದೆ. ಆದರೆ ಕಣ್ಣೆದುರಿನ ಮನುಷ್ಯರನ್ನು ನೋಡಿದರೆ ಹಾಗೆ ಹೇಳಲಾಗದು. ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್, ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದರು. ನಾಸ್ತಿಕ ವಿಚಾರಗಳಿಗಾಗಿ ಕೆಲಸ ಕಳೆದುಕೊಂಡರು. 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಸ್ಥಾಪಿಸಿದರು, ನಂತರ ಅದು ವಿಜಯವಾಡಕ್ಕೆ ಬಂತು. ಅಸ್ಪೃಶ್ಯತೆಯ ವಿರುದ್ಧ ಅವರು ಮಾಡಿದ ಕೆಲಸ ಗಾಂಧೀಜಿಯ ಗಮನ ಸೆಳೆಯಿತು. ದಿನಕ್ಕೆರಡು ಬಾರಿ ಪ್ರಾರ್ಥನೆ ಮಾಡುತ್ತಿದ್ದ ಗಾಂಧೀಜಿ ಈ ನಾಸ್ತಿಕನನ್ನು ಸೇವಾಗ್ರಾಮಕ್ಕೆ ಕರೆಸಿಕೊಂಡು ಮಾತನಾಡಿದರು, ಭಿನ್ನಾಭಿಪ್ರಾಯ ಉಳಿಸಿಕೊಂಡೇ ಜೊತೆಗೆ ಇರಿಸಿಕೊಂಡರು. ಗೋರಾ ತಮ್ಮ ಹಿರಿಯ ಮಗಳನ್ನು ದಲಿತ ಯುವಕನಿಗೆ ಮದುವೆ ಮಾಡಿಕೊಡಲು ನಿಶ್ಚಯಿಸಿದಾಗ, ಅದು ಆಶ್ರಮದಲ್ಲೇ ನಡೆಯಲಿ, ದೇವರ ಹೆಸರಿನ ಬದಲು ಸತ್ಯದ ಹೆಸರಿನಲ್ಲಿ ನಡೆಯಲಿ ಎಂದು ಗಾಂಧೀಜಿ ಒಪ್ಪಿದ್ದರು. ಮದುವೆ ಆಗುವ ಹೊತ್ತಿಗೆ ಅವರು ಬದುಕಿರಲಿಲ್ಲ. 1948ರ ಮಾರ್ಚ್‌ನಲ್ಲಿ ಸೇವಾಗ್ರಾಮದಲ್ಲೇ ಅದು ನೆರವೇರಿತು.

ಜಾತಿ ನೋಡದೆ ಮಗಳನ್ನು ಕೊಟ್ಟ ಆ ತಂದೆಗೆ ನೀತಿ ಇರಲಿಲ್ಲ ಎಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. (ವರದಕ್ಷಿಣೆಯ ಲೆಕ್ಕ ಹಾಕಿಯೇ ನಿಕಾಹ್‌ನ ದಿನ ಗೊತ್ತುಮಾಡುವ ನಮ್ಮ ಕೆಲವು ಮನೆಗಳವರಿಗಂತೂ ಬರಲೇಬಾರದು.) ನಮ್ಮ ನಂಬಿಕೆಯಲ್ಲೇ ಇದಕ್ಕೆ ಉತ್ತರವಿದೆ. ಮನುಷ್ಯನನ್ನು ಅಲ್ಲಾಹನು ಶುದ್ಧ ಪ್ರಕೃತಿಯಲ್ಲಿ, ಅಂದರೆ ಫಿತ್ರತ್‌ನಲ್ಲಿ ಸೃಷ್ಟಿಸಿದ್ದಾನೆ. ಒಳ್ಳೆಯದು ಕೆಟ್ಟದರ ಅರಿವನ್ನು ಪ್ರತಿ ಆತ್ಮದಲ್ಲೂ ಇಟ್ಟಿದ್ದಾನೆ. ದೇವರನ್ನು ಒಪ್ಪದವನಲ್ಲಿ ಪ್ರಾಮಾಣಿಕತೆ ಕಂಡರೆ ನಮಗೆ ಆಶ್ಚರ್ಯವಾಗಬೇಕಿಲ್ಲ. ಆ ಅರಿವು ಎಲ್ಲಿಂದ ಬಂತು ಎಂಬಲ್ಲಿ ನಮಗೂ ಅವನಿಗೂ ಭಿನ್ನಾಭಿಪ್ರಾಯ, ಅದು ಇದೆಯೋ ಇಲ್ಲವೋ ಎಂಬಲ್ಲಿ ಅಲ್ಲ.

ಪ್ರವಾದಿವರ್ಯರ(ಸ) ಜೀವನದಲ್ಲಿ ಇದಕ್ಕೆ ಉದಾಹರಣೆಗಳಿವೆ. ಹಿಜ್ರಾದ ರಾತ್ರಿ ಹಝ್ರತ್ ಅಬೂಬಕರ್(ರ) ಜೊತೆ ಅವರು ಮಕ್ಕಾ ಬಿಟ್ಟಾಗ ದಾರಿ ತೋರಿಸಲು ಗೊತ್ತುಮಾಡಿದ್ದು ಅಬ್ದುಲ್ಲಾ ಬಿನ್ ಉರೈಕಿತ್ ಎಂಬವನನ್ನು. ಅವನು ಮುಸ್ಲಿಮನಾಗಿರಲಿಲ್ಲ. ಎರಡು ಒಂಟೆಗಳನ್ನು ಅವನ ಕೈಗೊಪ್ಪಿಸಿ, ಮೂರು ರಾತ್ರಿ ಕಳೆದು ಸೌರ್ ಗುಹೆಯ ಬಳಿಗೆ ತರಲು ಹೇಳಲಾಗಿತ್ತು. ಪ್ರವಾದಿಯವರನ್ನು(ಸ) ಹಿಡಿದುಕೊಟ್ಟವರಿಗೆ ಕುರೈಷರು 100 ಒಂಟೆಗಳ ಬಹುಮಾನ ಸಾರಿದ್ದರು. ಅವನು ಮಾತಿಗೆ ತಪ್ಪಲಿಲ್ಲ. ತಾಇಫ್‌ನಿಂದ ಕಲ್ಲೇಟು ತಿಂದು ಮರಳಿದಾಗ ಮಕ್ಕಾ ಪ್ರವೇಶಕ್ಕೆ ರಕ್ಷಣೆ ಕೊಟ್ಟ ಮುತ್‌ಇಮ್ ಬಿನ್ ಅದೀ ಕೂಡ ಇಸ್ಲಾಮ್ ಸ್ವೀಕರಿಸದೆಯೇ ತೀರಿಕೊಂಡ. ಬದ್ರ್ ಯುದ್ಧದ ನಂತರ ಪ್ರವಾದಿಯವರು(ಸ) ಅವನನ್ನು ನೆನೆದು, ಅವನು ಬದುಕಿದ್ದು ಈ ಕೈದಿಗಳ ಪರವಾಗಿ ಮಾತಾಡಿದ್ದರೆ ಅವನಿಗಾಗಿ ಇವರನ್ನು ಬಿಟ್ಟುಬಿಡುತ್ತಿದ್ದೆ ಎಂಬ ಅರ್ಥದ ಮಾತು ಹೇಳಿದ್ದು ಬುಖಾರಿಯಲ್ಲಿದೆ. ಇವರಿಬ್ಬರೂ ವಿಗ್ರಹಾರಾಧಕರು, ಇಂದಿನ ಅರ್ಥದ ನಾಸ್ತಿಕರಲ್ಲ, ನಿಜ. ಆದರೆ ವಿಶ್ವಾಸವಿಲ್ಲದವನಲ್ಲಿ ವಿಶ್ವಾಸಾರ್ಹತೆ ಇರಲಾರದು ಎಂಬ ಮಾತು ಸುನ್ನತ್‌ನ ಮುಂದೆ ನಿಲ್ಲುವುದಿಲ್ಲ.

ಕಮ್ಯುನಿಸ್ಟ್ ಎಂದರೆ ನಾಸ್ತಿಕ ಎಂಬ ಸಮೀಕರಣವನ್ನು ಹೆಚ್ಚು ಬೆಳೆಸಬೇಕಿಲ್ಲ. ಪಕ್ಕದ ಕೇರಳದಲ್ಲಿ ಆ ಪಕ್ಷಗಳಿಗೆ ಮತ ಹಾಕುವ ಲಕ್ಷಾಂತರ ಜನ ಮಸೀದಿ, ದೇವಸ್ಥಾನ, ಚರ್ಚುಗಳಿಗೆ ಹೋಗುವವರೇ. ಸಂಖ್ಯೆಯ ಬಗ್ಗೆ ಹೇಳುವುದಾದರೆ, 2011ರ ಜನಗಣತಿಯಲ್ಲಿ 28 ಲಕ್ಷಕ್ಕೂ ಹೆಚ್ಚು ಮಂದಿಯ ಧರ್ಮ ದಾಖಲಾಗಲಿಲ್ಲ. ನಾಸ್ತಿಕರೆಂದೇ ಬರೆಸಿದವರು ಸುಮಾರು 33 ಸಾವಿರ ಮಾತ್ರ. ಧರ್ಮ ಹೇಳದವರೆಲ್ಲ ನಾಸ್ತಿಕರಲ್ಲ, ನಾಸ್ತಿಕರೆಲ್ಲ ಹಾಗೆಂದು ಬರೆಸುವುದೂ ಇಲ್ಲ. ದೇಶವೇ ನಾಸ್ತಿಕವಾಗುತ್ತಿದೆ ಎಂಬ ಗಾಬರಿಗೆ ಆಧಾರ ಸಾಲದು.

ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ವಾಟ್ಸಾಪ್‌ನಲ್ಲಿ ಓಡಾಡುವ ಕಥೆಗಳು. ತರಗತಿಯಲ್ಲಿ ನಾಸ್ತಿಕ ಪ್ರೊಫೆಸರನೊಬ್ಬ ದೇವರಿಲ್ಲ ಎಂದು ವಾದಿಸುತ್ತಾನೆ. ವಿದ್ಯಾರ್ಥಿಯೊಬ್ಬ ಎದ್ದು, ಕತ್ತಲೆ ಎಂಬುದು ಬೆಳಕಿನ ಅಭಾವ, ಕೆಡುಕು ದೇವರ ಅಭಾವ ಎಂದು ಬಾಯಿ ಮುಚ್ಚಿಸುತ್ತಾನೆ. ಆ ಹುಡುಗನೇ ಐನ್‌ಸ್ಟೈನ್ ಎಂದು ಕಥೆ ಮುಗಿಯುತ್ತದೆ. ಇಂಥ ಘಟನೆ ನಡೆದದ್ದಕ್ಕೆ ಯಾವ ದಾಖಲೆಯೂ ಇಲ್ಲ. ಐನ್‌ಸ್ಟೈನ್ ತಮ್ಮನ್ನು ನಾಸ್ತಿಕನೆಂದು ಕರೆಯುವುದನ್ನು ಇಷ್ಟಪಡಲಿಲ್ಲ, ಅದು ನಿಜ. ಆದರೆ ಮನುಷ್ಯರ ಕರ್ಮಗಳನ್ನು ವಿಚಾರಿಸುವ ದೇವರಲ್ಲಿ ನನಗೆ ನಂಬಿಕೆಯಿಲ್ಲ, ಸ್ಪಿನೋಝಾ ಹೇಳಿದ ದೇವರನ್ನು ಒಪ್ಪುತ್ತೇನೆ ಎಂದು 1929ರಲ್ಲಿ ಸ್ಪಷ್ಟಪಡಿಸಿದ್ದರು. ನಾವು ನಂಬುವ, ಪ್ರಾರ್ಥನೆ ಕೇಳುವ ರಬ್ಬ್ ಅದಲ್ಲ. ಡಾರ್ವಿನ್ ಮರಣಶಯ್ಯೆಯಲ್ಲಿ ತಮ್ಮ ಸಿದ್ಧಾಂತಕ್ಕೆ ಪಶ್ಚಾತ್ತಾಪಪಟ್ಟರೆಂಬುದೂ ಹಾಗೆಯೇ. ಅವರು ತೀರಿಕೊಂಡದ್ದು 1882ರಲ್ಲಿ. ಲೇಡಿ ಹೋಪ್ ಎಂಬ ಕ್ರೈಸ್ತ ಪ್ರಚಾರಕಿಯ ಆ ಕಥೆ ಅಚ್ಚಾದದ್ದು 1915ರಲ್ಲಿ, ಅಮೆರಿಕದ ಪತ್ರಿಕೆಯೊಂದರಲ್ಲಿ. ಕೊನೆಗಾಲದಲ್ಲಿ ಪಕ್ಕದಲ್ಲಿದ್ದ ಮಗಳು ಹೆನ್ರಿಯೆಟಾ ಅದನ್ನು ಸಾರಾಸಗಟಾಗಿ ಅಲ್ಲಗಳೆದರು.

ಕ್ರೈಸ್ತ ಪ್ರಚಾರಕರು ಹಬ್ಬಿಸಿದ ಈ ಕಥೆಗಳನ್ನು ನಾವು ಬಿಸ್ಮಿಲ್ಲಾ ಸೇರಿಸಿ ಫಾರ್ವರ್ಡ್ ಮಾಡುತ್ತೇವೆ! ಸುದ್ದಿ ಬಂದಾಗ ಪರಿಶೀಲಿಸಬೇಕೆಂಬ ಸೂರಃ ಅಲ್ ಹುಜುರಾತ್‌ನ ಆದೇಶ, ಸುದ್ದಿ ನಮ್ಮ ಪರವಾಗಿದ್ದಾಗಲೂ ಅನ್ವಯಿಸುತ್ತದೆ. ಇದರ ನಷ್ಟ ಸಣ್ಣದಲ್ಲ. ಹದಿನಾರು ವರ್ಷದ ಮಗಳು ತಂದೆ ಕಳಿಸಿದ ಐನ್‌ಸ್ಟೈನ್ ಕಥೆಯನ್ನು ಹುಡುಕಿ ನೋಡಿದರೆ ಎರಡೇ ನಿಮಿಷದಲ್ಲಿ ಅದು ಸುಳ್ಳೆಂದು ತಿಳಿಯುತ್ತದೆ. ಆಮೇಲೆ ಅದೇ ತಂದೆ ಹೇಳಿದ ಹದೀಸ್‌ನ ಬಗ್ಗೆಯೂ ಅವಳಿಗೆ ಅನುಮಾನ ಬಂದರೆ ತಪ್ಪು ಯಾರದು?

ಸಾಯುವಾಗ ಎಲ್ಲರೂ ದೇವರನ್ನು ಕರೆಯುತ್ತಾರೆ ಎಂಬ ಮಾತಿಗೆ, ಸಮುದ್ರದ ಬಿರುಗಾಳಿಯಲ್ಲಿ ಸಿಲುಕಿದವರ ಬಗ್ಗೆ ಕುರ್‌ಆನ್ ಹೇಳಿರುವುದನ್ನು ಆಧಾರವಾಗಿ ಕೊಡುವುದುಂಟು. ಆ ಸೂಕ್ತಗಳ ಸಂದರ್ಭ ನೋಡಿದರೆ, ಅಲ್ಲಿರುವವರು ಅಲ್ಲಾಹನ ಜೊತೆ ಬೇರೆಯವರನ್ನೂ ಸೇರಿಸಿ ಪೂಜಿಸುತ್ತಿದ್ದವರು. ಆಪತ್ತಿನಲ್ಲಿ ಉಳಿದವರನ್ನೆಲ್ಲ ಮರೆತು ಅವನೊಬ್ಬನನ್ನೇ ಕರೆದು, ದಡ ಸೇರಿದ ಮೇಲೆ ಮತ್ತೆ ಶಿರ್ಕ್‌ಗೆ ಮರಳುವುದನ್ನು ಅವು ಖಂಡಿಸುತ್ತವೆ. ಒಬ್ಬ ನಾಸ್ತಿಕ ಕೊನೆಯುಸಿರಿನಲ್ಲಿ ಏನು ಯೋಚಿಸಿದನೆಂಬುದು ಗೈಬ್‌ನ ವಿಷಯ. 'ಲಾ ಇಲಾಹ ಇಲ್ಲಲ್ಲಾಹ್' ಎಂದವನನ್ನು ಹೆದರಿ ಹೇಳಿದನೆಂದು ಭಾವಿಸಿ ಕೊಂದ ಹಝ್ರತ್ ಉಸಾಮಾರನ್ನು(ರ), ಅವನ ಎದೆ ಸೀಳಿ ನೋಡಿದ್ದೆಯಾ ಎಂದು ಪ್ರವಾದಿಯವರು(ಸ) ಗದರಿದ್ದರು. ಎದೆಯೊಳಗನ್ನು ಓದುವ ಅಧಿಕಾರ ನಮಗಿಲ್ಲ.

ಸಂಶಯಪಡುವವನನ್ನೂ ನಿರಾಕರಿಸುವವನನ್ನೂ ಒಂದೇ ತಕ್ಕಡಿಗೆ ಹಾಕುವುದು ಇನ್ನೊಂದು ತಪ್ಪು, ಮನೆಗಳನ್ನು ಹೆಚ್ಚು ಒಡೆಯುವುದು ಇದೇ. ಬಾಯಿಬಿಟ್ಟು ಹೇಳಲೂ ಅಂಜುವಂಥ ಯೋಚನೆಗಳು ಮನಸ್ಸಿಗೆ ಬರುತ್ತವೆ ಎಂದು ಸಹಾಬಿಗಳು ದೂರಿಕೊಂಡಾಗ, ಪ್ರವಾದಿಯವರು(ಸ) ಆ ಅಂಜಿಕೆಯನ್ನೇ ಸ್ಪಷ್ಟ ಈಮಾನ್ ಎಂದರೆಂದು ಮುಸ್ಲಿಮ್ ಹದೀಸ್ ಗ್ರಂಥದಲ್ಲಿದೆ. ಇಮಾಮ್ ಗಝ್ಝಾಲಿ(ರ) ಕಣ್ಣು ಕಿವಿಗಳನ್ನೂ, ಬುದ್ಧಿಯನ್ನೂ ನಂಬಲಾಗದ ಸಂಶಯದಲ್ಲಿ ಸುಮಾರು ಎರಡು ತಿಂಗಳು ಇದ್ದುದನ್ನು 'ಅಲ್ ಮುನ್‌ಕಿಝ್'ನಲ್ಲಿ ತಾವೇ ಬರೆದಿದ್ದಾರೆ. ಅದೊಂದು ಕಾಯಿಲೆಯಂತೆ ಎಂದರು, ಅಲ್ಲಾಹನು ಎದೆಗೆ ಹಾಕಿದ ಬೆಳಕಿನಿಂದ ಗುಣವಾಯಿತೆಂದರು. ಆ ಎರಡು ತಿಂಗಳಲ್ಲಿ ಯಾರಾದರೂ ಅವರನ್ನು ಮುರ್ತದ್ ಎಂದು ಕೂಗಿದ್ದರೆ? 'ಇಹ್ಯಾ' ಬರೆದವರು ಅವರೇ.

2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ, ಮುಸ್ಲಿಮ್ ಕುಟುಂಬದಲ್ಲಿ ಹುಟ್ಟಿ ನಾಸ್ತಿಕನಾಗಿದ್ದ ಯುವಕನೊಬ್ಬನನ್ನು ರಾತ್ರಿ ಕರೆಸಿಕೊಂಡು ಕೊಲ್ಲಲಾಯಿತು. ಬಂಧಿತರಾದವರು ನಮ್ಮ ಸಮುದಾಯದವರು. ಅವನ ಬರಹಗಳು ನೋವು ಕೊಡುವಂಥವು ಎನ್ನುವವರಿರಬಹುದು. ಆದರೆ ಶಿಕ್ಷೆ ವಿಧಿಸುವುದು ನ್ಯಾಯಾಲಯದ ಕೆಲಸವೇ ಹೊರತು ಬೀದಿಯ ಯುವಕರದ್ದಲ್ಲ ಎಂದು ಎಲ್ಲ ಮದ್‌ಹಬ್‌ಗಳ ಉಲಮಾಗಳೂ ಹೇಳುತ್ತಾರೆ. ನಂಬುವ, ನಂಬದಿರುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ನಾವು ಬಾಂಗ್ ಕೂಗುವುದೂ ಅದೇ ವಿಧಿಯ ಆಶ್ರಯದಲ್ಲಿ. ಆ ಯುವಕನಿಗೆ ಪುಟ್ಟ ಮಕ್ಕಳಿದ್ದರು.

ಮನೆಯಲ್ಲೇ ಒಬ್ಬರು ನನಗೆ ನಂಬಿಕೆಯಿಲ್ಲ ಎಂದರೆ? ಶಿರ್ಕ್‌ಗೆ ಒತ್ತಾಯಿಸುವ ತಂದೆತಾಯಿಯ ಮಾತು ಕೇಳಬೇಡ, ಆದರೆ ಲೋಕವ್ಯವಹಾರದಲ್ಲಿ ಅವರೊಡನೆ ಚೆನ್ನಾಗಿರು ಎಂದು ಸೂರಃ ಲುಕ್ಮಾನ್ ಮಕ್ಕಳಿಗೆ ಹೇಳುತ್ತದೆ. ಹಝ್ರತ್ ಅಸ್ಮಾ(ರ) ಇಸ್ಲಾಮ್ ಸ್ವೀಕರಿಸದ ತಾಯಿ ಮದೀನಾಕ್ಕೆ ಬಂದಾಗ ಸಂಬಂಧ ಇಟ್ಟುಕೊಳ್ಳಬಹುದೇ ಎಂದು ಕೇಳಿ, ಹೌದು ಎಂಬ ಉತ್ತರ ಪಡೆದರು. ತಾಯಿಗೆ ಸಿಕ್ಕ ಈ ಸೌಜನ್ಯ ಮಗನಿಗೆ ಸಿಗಬಾರದೆಂದೇನಿಲ್ಲ. ಆದ್ದರಿಂದ ಊಟದ ತಟ್ಟೆ ಬೇರೆ ಮಾಡುವುದು, ಕಾಲೇಜು ಶುಲ್ಕ ನಿಲ್ಲಿಸುವುದು, ಸಂಬಂಧಿಕರ ಗ್ರೂಪಿನಲ್ಲಿ ಹಾಕಿ ಮಾನ ಕಳೆಯುವುದು ಬೇಡ. ನಿಕಾಹ್, ವಾರಸುದಾರಿಕೆಯಂಥ ವಿಷಯಗಳಲ್ಲಿ ಕರ್ಮಶಾಸ್ತ್ರದ ನಿಯಮಗಳಿವೆ, ಅವನ್ನು ಊರಿನ ಆಲಿಮರಲ್ಲಿ ಖಾಸಗಿಯಾಗಿ ಕೇಳಬೇಕು. ಪ್ರಶ್ನೆ ವಿಕಾಸವಾದದ್ದಾದರೆ ವಿಜ್ಞಾನ ಓದಿರುವ ಆಲಿಮರನ್ನು ಹುಡುಕಬೇಕು, ಸಾವಿನ ದುಃಖದ್ದಾದರೆ ವಾದವೇ ಬೇಡ. ಕರೆದುಕೊಂಡು ಹೋಗುವ ಮುನ್ನ ಅವನ ಒಪ್ಪಿಗೆಯನ್ನೂ ಕೇಳಬೇಕು. ಅವನು ಸದ್ಯಕ್ಕೆ ಬೇಡ ಎಂದರೆ ತಹಜ್ಜುದ್‌ನ ಹೊತ್ತಿನಲ್ಲಿ ಅವನಿಗಾಗಿ ದುಆ ಮಾಡಲು ಯಾರ ಒಪ್ಪಿಗೆಯೂ ಬೇಕಿಲ್ಲ.