ಪಿಎಚ್.ಡಿ. ಸಂದರ್ಶನದಲ್ಲಿ ಏನು ನೋಡುತ್ತಾರೆ?

ನಮ್ಮ ವ್ಯಾಪಾರಸ್ಥ ಮನೆತನಗಳಲ್ಲಿ ಮಕ್ಕಳು ಬಿ.ಕಾಂ., ಸಿ.ಎ. ಮಾಡಿದರೆ ಯಾರೂ ಏನೂ ಕೇಳುವುದಿಲ್ಲ. ಇತಿಹಾಸ, ಭಾಷೆ, ತತ್ತ್ವಶಾಸ್ತ್ರಗಳಲ್ಲಿ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಹೊರಟರೆ ಮಾತ್ರ ಮನೆಯವರಿಗೆ ಚಿಂತೆ ಹತ್ತುತ್ತದೆ. ಅದರಲ್ಲೂ ಸಂದರ್ಶನವೆಂದೊಡನೆ “ಯಾರ ವಶೀಲಿ ಹಚ್ಚೋಣ?” ಎಂಬ ಮಾತು ಮೊದಲು ಬರುತ್ತದೆ. ಮ್ಯಾಟ್ರಿಕ್‌ವರೆಗೆ ಕಲಿತ ನಾನು ಇದನ್ನು ಬರೆಯಲು ಕಾರಣ ಜತ್ತದಲ್ಲಿರುವ ನನ್ನ ತಮ್ಮನ ಮಗಳು. ಅವಳ ಸಲುವಾಗಿ ನಿಯಮಗಳನ್ನು ತರಿಸಿ ಓದಿದೆ.

ವಶೀಲಿಯ ಭಯ ಪೂರ್ತಿ ಸುಳ್ಳಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2016ರ ನಿಯಮದಂತೆ ಬರವಣಿಗೆಯ ಪರೀಕ್ಷೆ ಬರೀ ಅರ್ಹತೆಗೆ ಇತ್ತು. ಶೇಕಡಾ 50 ಪಡೆದು ದಾಟಿದ ಮೇಲೆ ಎಲ್ಲವೂ ಸಂದರ್ಶನದ ಕೈಯಲ್ಲಿ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇದನ್ನು ಬಲವಾಗಿ ವಿರೋಧಿಸಿದರು. 2018ರಲ್ಲಿ ಆಯೋಗ ನಿಯಮ ತಿದ್ದಿ ಪರೀಕ್ಷೆಗೆ 70, ಸಂದರ್ಶನಕ್ಕೆ 30 ಎಂದು ಪಾಲು ಮಾಡಿತು. 2022ರ ನಿಯಮವೂ ಪ್ರವೇಶ ಪರೀಕ್ಷೆಗೆ ಅದೇ ಪಾಲು ಇಟ್ಟಿತು. 2024ರಲ್ಲಿ ‘ನೆಟ್’ ಪರೀಕ್ಷೆಯ ಅಂಕಗಳನ್ನೂ ಇದೇ ಪ್ರಮಾಣದಲ್ಲಿ ಬಳಸಬಹುದೆಂದಾಯಿತು.

ಲೆಕ್ಕ ನಮ್ಮವರಿಗೆ ಬೇಗ ತಿಳಿಯುತ್ತದೆ. ನೂರಕ್ಕೆ 90 ಬಂದವರಿಗೆ 63, 80 ಬಂದವರಿಗೆ 56. ಈ 7ನ್ನು ಸಂದರ್ಶನದ 30ರಲ್ಲಿ ತುಂಬಿಸಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ಜೆ.ಆರ್.ಎಫ್. ಫೆಲೋಶಿಪ್ಪಿಗೆ ಅರ್ಹರಾದ ಜಾಣರಿಗೆ ಪ್ರವೇಶ ಸಂದರ್ಶನದ ಮೇಲೆಯೇ! ಇದು ನನಗೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ.

ಸಂದರ್ಶನದಲ್ಲಿ ನೋಡಬೇಕಾದ ಮೂರು ಸಂಗತಿಗಳನ್ನು 2016ರ ನಿಯಮದಲ್ಲೇ ಹೇಳಿದ್ದರು: ಈ ಸಂಶೋಧನೆಗೆ ಅಭ್ಯರ್ಥಿಗೆ ಸಾಮರ್ಥ್ಯವಿದೆಯೇ, ಆ ಸಂಸ್ಥೆಯಲ್ಲಿ ಅದು ಸಾಧ್ಯವೇ, ಅದರಿಂದ ಹೊಸ ಜ್ಞಾನ ಸೇರುತ್ತದೆಯೇ. ನಮ್ಮ ಹುಡುಗಿಯ ವಿಷಯ ಗಡಿಭಾಗದ ಪೇಟೆಗಳ ಹಳೆಯ ಕೀರ್ದಿ-ಖತಾವಣಿ. ನಾವು ರದ್ದಿಗೆ ಹಾಕುವ ವಹಿಗಳೇ ಅವಳಿಗೆ ಇತಿಹಾಸ! “ದೊಡ್ಡಪ್ಪಾ, ಒಳಗ ಏನು ಕೇಳ್ತಾರ?” ಎಂದಳು. “ಯಾರ ಅಂಗಡಿ ವಹಿ, ಯಾವ ವರ್ಷದ್ದು, ಯಾವ ಲಿಪಿ ಅಂತ ಕೇಳಿದರ ಏನು ಹೇಳ್ತಿ?” ಎಂದೆ. ಸುಮ್ಮನಾದಳು. ಹಳೆಯ ವಹಿಗಳಲ್ಲಿ ಮೋಡಿ ಲಿಪಿ ಬಹಳ. ನಾಲ್ಕು ತಿಂಗಳು ಕುಳಿತು ಮೋಡಿ ಕಲಿತಳು. ಸಂದರ್ಶನದಲ್ಲಿ ಒಬ್ಬರು ಅದನ್ನೇ ಕೇಳಿದರಂತೆ. ಜೆರಾಕ್ಸ್ ಮಾಡಿಸಿ ಒಯ್ದಿದ್ದ ಪುಟವನ್ನು ತಡವರಿಸುತ್ತಲೇ ಓದಿ ತೋರಿಸಿದಳು.

ಆದರೂ ಅಲ್ಲಿ ಜಾಗ ಸಿಗಲಿಲ್ಲ. ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ವಿದ್ಯಾರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು. ಅವಳ ವಿಷಯ ಬಲ್ಲವರಲ್ಲಿ ಖಾಲಿ ಇರಲಿಲ್ಲ. ನೆಟ್ ಅಂಕ ಪ್ರವೇಶಕ್ಕೆ ನಡೆಯುವುದು ಒಂದೇ ವರ್ಷ. “ಇನ್ನು ಸಾಕು, ವರ ನೋಡೋಣ” ಎಂದು ಮನೆಯಲ್ಲಿ ಮಾತು ಎದ್ದಿತು. ನಾನು ತಡೆದೆ. ಈಗ ಬೇರೆ ಎರಡು ಕಡೆ ಅರ್ಜಿ ಹಾಕಿದ್ದಾಳೆ. ಈ ಸಲ ಮಾರ್ಗದರ್ಶಕರಲ್ಲಿ ಜಾಗ ಎಷ್ಟಿದೆ ಎಂದು ಮೊದಲೇ ವಿಚಾರಿಸಿ, ಆಮೇಲೆ ಶುಲ್ಕ ತುಂಬಿದೆವು.