ಕೋಲಿಲ್ಲದೆ ಕುಣಿಯುವ ಚಿತ್ರ

ತೊಗಲುಗೊಂಬೆಯಾಟದಲ್ಲಿ ಕೈ ಆಡಿದಂತೆ ತೆರೆಯ ಮೇಲಿನ ಚಿತ್ರವೂ ಆಡುತ್ತದೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದ ಕಲೆಯಿದು. ಇಲ್ಲಿ ಕೈಗೂ ಗೊಂಬೆಗೂ ನಡುವೆ ಕೋಲುಂಟು. ಆ ಕೋಲನ್ನೂ ತೆಗೆದುಬಿಟ್ಟರೆ?

ಪ್ರಣವ್ ಮಿಸ್ತ್ರಿಯವರ ‘ಸಿಕ್ಸ್ತ್ ಸೆನ್ಸ್’ ಉಪಕರಣವು 2009ರಲ್ಲಿ ಇದನ್ನು ಸಾಧಿಸಿ ತೋರಿಸಿತು. ಕೊರಳಲ್ಲಿ ತೂಗುವ ಕ್ಯಾಮೆರಾ ಬೆರಳ ತುದಿಯ ಬಣ್ಣದ ಪಟ್ಟಿಗಳನ್ನು ಹಿಂಬಾಲಿಸುತ್ತಿತ್ತು. ಗಣಕಯಂತ್ರವು ಆ ಚಲನೆಯನ್ನು ಆಜ್ಞೆಯೆಂದು ಓದುತ್ತಿತ್ತು. ಪುಟ್ಟ ಪ್ರಕ್ಷೇಪಕವು ಎದುರಿನ ಗೋಡೆಯ ಮೇಲೆ ಚಿತ್ರವನ್ನು ಬದಲಿಸುತ್ತಿತ್ತು.

ಆದರೆ ಮಾತಿನ ಭರದಲ್ಲಿ ನಾವು ಕೈಬೀಸಿದರೆ ಮನೆಯ ದೀಪವೇ ಆರಬೇಕೆ? ಕೈಯನ್ನು ಕಾಣುವುದು ಯಂತ್ರಕ್ಕೆ ಸುಲಭ. ಇಂಗಿತವನ್ನು ಅರಿಯುವುದು ಕಷ್ಟ. ಆದಕಾರಣ, 2024ರಲ್ಲಿ ಮಾರುಕಟ್ಟೆಗೆ ಬಂದ, ತಲೆಗೆ ಧರಿಸುವ ಆಪಲ್ ವಿಷನ್ ಪ್ರೋ ಸಾಧನದಲ್ಲಿ ನೋಟವು ವಸ್ತುವನ್ನು ಆರಿಸುತ್ತದೆ. ಹೆಬ್ಬೆರಳು ತೋರುಬೆರಳುಗಳ ಸ್ಪರ್ಶವು ಆಜ್ಞೆಯನ್ನು ಖಚಿತಪಡಿಸುತ್ತದೆ. ಎರಡೂ ಕೂಡಿದಾಗ ಯಂತ್ರ ಮಣಿಯುತ್ತದೆ.