ಕಣ್ಣಿನ ಸೇಬು

ಇಂಗ್ಲಿಷ್ ನುಡಿಗಟ್ಟುಗಳನ್ನು ಶಬ್ದಶಃ ಕನ್ನಡಿಸಿದರೆ ಅರ್ಥವು ಕೆಡುವದನ್ನು ನಾವೆಲ್ಲರೂ ತರಗತಿಯಲ್ಲಿ ಕಂಡವರೇ. ‘ದಿ ಆಪಲ್ ಆಫ್ ಹಿಸ್ ಐ’ ಎಂಬುದಕ್ಕೆ ‘ಅವನ ಕಣ್ಣಿನ ಸೇಬು’ ಎಂದು ಬರೆದು ನಗೆಗೀಡಾದ ಬಾಲಿಕೆಯರೆಷ್ಟೋ! ಆದರೆ ತಪ್ಪೆಲ್ಲವೂ ಅವರದೆಂದು ನಮಗೆ ತೋರುವದಿಲ್ಲ. ಪೂರ್ವಕಾಲದ ಆಂಗ್ಲರು ಕಣ್ಣಿನ ನಡುವಣ ಕಪ್ಪು ಭಾಗವನ್ನು ಗುಂಡಾದ ಗಟ್ಟಿ ವಸ್ತುವೆಂದೆಣಿಸಿ ಸೇಬೆಂದೇ ಕರೆದರು. 1611ರ ಇಂಗ್ಲಿಷ್ ಸತ್ಯವೇದದೊಳಗೆ ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದಲ್ಲಿ ಈ ಮಾತೇ ಇದೆ. ಮೂಲದ ಇಬ್ರಿಯ ಭಾಷೆಯಲ್ಲಾದರೋ ಸೇಬಿನ ಸುಳಿವೇ ಇಲ್ಲ; ಅಲ್ಲಿಯ ‘ಈಶೋನ್’ ಎಂಬ ಪದಕ್ಕೆ ‘ಚಿಕ್ಕ ಮನುಷ್ಯ’ನೆಂದು ಪಂಡಿತರು ಅರ್ಥ ಹೇಳುವರು. ಎದುರಿಗೆ ನಿಂತವರ ರೂಪವು ಕಣ್ಣಿನೊಳಗೆ ಪುಟ್ಟದಾಗಿ ಕಾಣುವದಷ್ಟೆ! ಲ್ಯಾಟಿನ್ನಿನ ‘ಪ್ಯೂಪಿಲ್ಲ’ ಎಂದರೂ ಪುಟ್ಟ ಗೊಂಬೆ. ನಮ್ಮ ‘ಪಾಪೆ’ಗೂ ಗೊಂಬೆಯೆಂಬ ಅರ್ಥವುಂಟು. ಆದುದರಿಂದ ಅಜ್ಜಿಯ ಬಾಯಿಂದ ಕೇಳಿದ್ದ ‘ಕಣ್ಣಪಾಪೆ’ಯನ್ನು ನೆನಸಿ ಬರೆದ ಹುಡುಗಿಯು ಇಂಗ್ಲಿಷಿಗಿಂತಲೂ ಮೂಲಕ್ಕೆ ಸಮೀಪವಾದಳು. ಇಂಗ್ಲಿಷ್ ಬರಲೆಂದು ಮನೆಯಲ್ಲಿ ಕನ್ನಡವನ್ನು ಕಡಮೆಮಾಡುವ ತಂದೆತಾಯಿಗಳು ಇದನ್ನು ಗಮನಿಸಬೇಕೆಂದು ನಮ್ಮ ವಿಜ್ಞಾಪನೆ. ಅಂದ ಹಾಗೆ, ಕಣ್ಣಪಾಪೆಗೂ ಶಾಲೆಯ ಬಾಲಿಕೆಗೂ ಇಂಗ್ಲಿಷಿನಲ್ಲಿ ‘ಪ್ಯೂಪಿಲ್’ ಎಂಬ ಒಂದೇ ಹೆಸರಿರುವದು; ಎರಡೂ ಹುಟ್ಟಿದ್ದು ಲ್ಯಾಟಿನ್ನಿನ ಒಂದೇ ಮಾತಿನ ಬಳಗದಿಂದ.